ಇರ್ಲಿ ಬಿಡು, ಬೇಕಾಗ್ತೈತೆ

ಯುಗಾದಿಗೆ ಇನ್ನೊಂದು ವಾರ ಇದೆ ಎನ್ನುವಾಗ ಚಳ್ಳಕೆರೆಯ ಓಣಿಗಳಲ್ಲಿ ನಡೆದಾಡಲು ಜಾಗ ಇರುವುದಿಲ್ಲ. ಮನೆಯೊಳಗಿನದೆಲ್ಲ ಬೀದಿಗೆ ಬಂದಿರುತ್ತದೆ. ಜಗುಲಿಯ ಮೇಲೆ ಟ್ರಂಕು, ಟ್ರಂಕಿನ ಮೇಲೆ ಹಿತ್ತಾಳೆ ಕೊಳಗ, ಕೊಳಗದೊಳಗೆ ಹಿಡಿ ಮುರಿದ ಸೌಟುಗಳ ಗಂಟು. ಬೇಲಿಯ ಮೇಲೆ ಕೌದಿ, ಅದರ ಪಕ್ಕ ಕಂಬಳಿ. ಮಂಚದ ಸಂದಿಗೆ ಕುದಿನೀರು ಸುರಿದು ತಿಗಣೆ ಓಡಿಸುವ ಕೆಲಸ ಒಂದು ಕಡೆ, ಹಳೆ ಪಂಚೆಯಲ್ಲಿ ಗೋಡೆಯ ಜೇಡರ ಬಲೆ ಬಡಿಯುವ ಕೆಲಸ ಇನ್ನೊಂದು ಕಡೆ. ಮೂಗಿಗೆ ಟವೆಲ್ ಕಟ್ಟಿಕೊಂಡ ಹುಡುಗ ಸಜ್ಜೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಾಮಾನು ಕೆಳಗೆ ಕೊಡುತ್ತಾನೆ.

ಕೆಳಗೆ ನಿಂತ ಸೊಸೆ, “ಇದು ಗುಜರಿಗೆ, ಅತ್ತೆ” ಎನ್ನುತ್ತಾಳೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿರುವ ಅತ್ತೆ ತಲೆ ಎತ್ತದೆಯೇ ಹೇಳುತ್ತಾಳೆ: “ಇರ್ಲಿ ಬಿಡವ್ವ, ಯಾವತ್ತಾರ ಬೇಕಾಗ್ತೈತೆ.”

ತಳ ಸೋರುವ ಬಕೆಟ್ಟು, ಸುಟ್ಟುಹೋದ ಪಂಪ್‌ಸೆಟ್ ಮೋಟರು, ಮಗಳು ಏಳನೇ ಕ್ಲಾಸಿನಲ್ಲಿ ಓದಿದ ಪುಸ್ತಕ, ಚಕ್ರ ಇಲ್ಲದ ಮೂರುಗಾಲಿ ಸೈಕಲ್ಲು. ಸಂಜೆಯ ಹೊತ್ತಿಗೆ ಎಲ್ಲವೂ ಒರೆಸಿಕೊಂಡು, ಬಿಸಿಲು ಕಂಡು, ಇದ್ದಲ್ಲಿಗೇ ಹಿಂದಿರುಗುತ್ತವೆ. ಮನೆ ಸ್ವಚ್ಛವಾಗಿರುತ್ತದೆ. ಸಾಮಾನು ಮಾತ್ರ ಒಂದೂ ಕಡಿಮೆಯಾಗಿರುವುದಿಲ್ಲ.

ವರ್ಷಕ್ಕೊಮ್ಮೆ ಮನೆ ಗುಡಿಸಿ ಬಳಿಯುವ ಹಬ್ಬ ಲೋಕದಲ್ಲೆಲ್ಲ ಇದೆ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವ ನೌರೋಜ್‌ಗೆ ಇರಾನಿನವರು ಮನೆಯ ಜಮಖಾನೆಗಳನ್ನೆಲ್ಲ ಹೊರಗೆಳೆದು ತೊಳೆಯುತ್ತಾರೆ. ಜಪಾನಿನವರು ಡಿಸೆಂಬರ್ ಕೊನೆಗೆ ಮನೆ, ಶಾಲೆ, ಕಚೇರಿಗಳನ್ನೆಲ್ಲ ತಿಕ್ಕುತ್ತಾರೆ. ಯುರೋಪಿನ ಚಳಿನಾಡುಗಳಲ್ಲಿ ಚಳಿಗಾಲವಿಡೀ ಒಲೆ ಉರಿಸಿ ಮಸಿ ಹಿಡಿದ ಕೋಣೆಗಳನ್ನು ವಸಂತದಲ್ಲಿ ಕಿಟಕಿ ತೆರೆದು ತೊಳೆಯುವುದು ರೂಢಿ. ಹೊರನಾಡಿನಿಂದ ಬಂದ ಹೊಸ ಉಪದೇಶವೂ ಈಗ ನಮ್ಮ ಮೊಬೈಲುಗಳಲ್ಲಿ ಹರಿದಾಡುತ್ತದೆ. 2011ರಲ್ಲಿ ಪುಸ್ತಕ ಬರೆದು ಲೋಕಪ್ರಸಿದ್ಧಳಾದ ಜಪಾನಿನ ಮಾರಿ ಕೊಂಡೊ, ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ಅದು ಖುಷಿ ಕೊಡುತ್ತದೆಯೇ ನೋಡಿ, ಕೊಡದಿದ್ದರೆ ಬೀಳ್ಕೊಡಿ ಎನ್ನುತ್ತಾಳೆ. ಮೊಳಕಾಲ್ಮುರಿನ ಯಾವ ರೈತನೂ ಖುಷಿ ಕೊಡುತ್ತದೆಂದು ಕೂರಿಗೆಯನ್ನು ಕೊಟ್ಟಿಗೆಯ ಜಂತಿಗೆ ಸಿಕ್ಕಿಸಿಟ್ಟವನಲ್ಲ. ಮಳೆ ಬಿದ್ದ ದಿನ ಊರಿನ ಟ್ರ್ಯಾಕ್ಟರು ಸಿಗದಿದ್ದರೆ ಎಂಬ ಲೆಕ್ಕದ ಮೇಲೆ ಇಟ್ಟಿದ್ದಾನೆ.

ಬರ ಕಲಿಸಿದ ಲೆಕ್ಕ

ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಬಿದ್ದರೆ ಅದೇ ದೊಡ್ಡದು, ಅದೂ ಬೇಕಾದ ತಿಂಗಳಲ್ಲಿ ಬೀಳುವ ಭರವಸೆಯಿಲ್ಲ. ಇಂಥ ಕಡೆ ಕೂಡಿಡುವುದು ಗೀಳಲ್ಲ, ಬದುಕುವ ದಾರಿ.

1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ, ಹತ್ತಿರ ಹತ್ತಿರ 10 ಲಕ್ಷ ಜನ, ಅಳಿದುಹೋದರು. ಒಣಸೀಮೆಯಲ್ಲಿ ಆ ನೆನಪು ಮಾತಿನಲ್ಲಿ ಉಳಿದದ್ದಕ್ಕಿಂತ ಮನೆಯ ಕಟ್ಟಡದಲ್ಲೇ ಹೆಚ್ಚು ಉಳಿಯಿತು. ಹಳೆ ಮನೆಗಳ ಒಳಗೆ ಗೋಡೆಯೆತ್ತರದ ಮಣ್ಣಿನ ವಾಡೆ, ಮೂಲೆಯಲ್ಲಿ ಗುಡಾಣ, ನೆಲದಡಿ ಹಗೇವು. ರಾಗಿ ಹಾಕಿ ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆಯುವಾಗ ತಕ್ಷಣ ಇಳಿಯುವಂತಿರಲಿಲ್ಲ. ಒಳಗೆ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ಆಗ ಮನೆಯಲ್ಲಿ ಕಾಳು ಬಹಳ, ಸಾಮಾನು ಕಡಿಮೆ. ಈಗ ಅದು ತಿರುಗುಮುರುಗಾಗಿದೆ. ಕಾಳು ತಿಂಗಳಿಗೊಮ್ಮೆ ಪಡಿತರದಂಗಡಿಯಿಂದಲೋ ಸಂತೆಯಿಂದಲೋ ಬರುತ್ತದೆ, ಹಗೇವಿನ ಮೇಲೆ ಟೈಲ್ಸ್ ಬಿದ್ದಿದೆ. ಕೂಡಿಡುವ ಕೈಗೆ ಮಾತ್ರ ಹಳೆಯ ಅಭ್ಯಾಸ ಹೋಗಿಲ್ಲ.

ಮನೆಯ ಮಾಡೂ ಬದಲಾಗಿದೆ. ಈ ಸೀಮೆಯದು ಮಾಳಿಗೆ ಮನೆ. ತೊಲೆ, ಜಂತಿ ಇಟ್ಟು ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಡು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗೆ ಹತ್ತಿ ಚೌಳು ಮಣ್ಣು ಹಾಕಿ ತಟ್ಟಬೇಕು, ಇಲ್ಲದಿದ್ದರೆ ಮನೆ ಸೋರುತ್ತದೆ. ಆ ಮಣ್ಣಿನ ಮೇಲೆ ಭಾರ ಹೇರುವಂತಿಲ್ಲ. ಆದ್ದರಿಂದ ಮಾಳಿಗೆ ಖಾಲಿಯಾಗಿಯೇ ಇರುತ್ತಿತ್ತು; ಮೆಣಸಿನಕಾಯಿ, ಸಂಡಿಗೆ ಒಣಗಿಸಲು, ಬೇಸಿಗೆಯಲ್ಲಿ ಮಲಗಲು. ಆರ್‌ಸಿಸಿ ಬಂದ ಮೇಲೆ ಮೇಲ್ಛಾವಣಿಗೆ ವರ್ಷದ ಉಪಚಾರ ಬೇಡವಾಯಿತು, ಎಷ್ಟು ಹೇರಿದರೂ ತಡೆಯುವ ಜಾಗವೊಂದು ಬಿಟ್ಟಿಯಾಗಿ ಸಿಕ್ಕಿತು. ಒಳಗೆ ಪ್ರತಿ ಕೋಣೆಗೂ ಒಂದು ಸಜ್ಜೆ. ಹಿತ್ತಲಿನ ಕೊಟ್ಟಿಗೆಯಲ್ಲಿ ಎತ್ತಿನ ಬದಲು ಟ್ರ್ಯಾಕ್ಟರು, ಬೈಕು ನಿಂತವು. ಕೊಟ್ಟಿಗೆ ಹೋಗಿ ಶೆಡ್ಡಾಯಿತು. ದಿನಾ ಸಗಣಿ ಬಾಚುವಾಗ ತನ್ನಷ್ಟಕ್ಕೆ ಗುಡಿಸಿಕೊಳ್ಳುತ್ತಿದ್ದ ಜಾಗ, ಶೆಡ್ಡಾದ ಮೇಲೆ ವರ್ಷಕ್ಕೊಂದು ಸಲ ಪೊರಕೆ ಕಂಡರೆ ಪುಣ್ಯ.

ಎಣ್ಣೆ ಡಬ್ಬದ ಜನ್ಮಗಳು

ಚಳ್ಳಕೆರೆಯ ಹೆಸರು ಹೇಳಿದರೆ ಶೇಂಗಾ ಎಣ್ಣೆ ನೆನಪಾಗುತ್ತದೆ. ಮುಂಬೈ ಬಿಟ್ಟರೆ ಚಳ್ಳಕೆರೆ ಎಂದು ಮಿಲ್ಲಿನವರು ಎದೆ ತಟ್ಟಿ ಹೇಳುತ್ತಿದ್ದ ಕಾಲವೊಂದಿತ್ತು. ಆ ಎಣ್ಣೆ ತುಂಬಿ ಬರುತ್ತಿದ್ದ 15 ಕಿಲೋ ತಗಡಿನ ಡಬ್ಬವೇ, ವಸ್ತುವೊಂದು ಮನೆಯಲ್ಲಿ ಹೇಗೆ ಬಾಳಿ ಹೇಗೆ ಹೊರಹೋಗುತ್ತಿತ್ತು ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಎಣ್ಣೆ ಮುಗಿದ ಮೇಲೆ ಡಬ್ಬದ ಬಾಯಿ ಕೊರೆದು, ಬಿಸಿನೀರು-ಸೀಗೆಪುಡಿಯಲ್ಲಿ ತೊಳೆದು, ಮುಚ್ಚಳ ಕೂರಿಸಿದರೆ ಬೇಳೆ ತುಂಬುವ ಡಬ್ಬ. ಅಡ್ಡಡ್ಡ ಮರದ ಹಿಡಿ ಹೊಡೆದರೆ ನೀರು ಹೊರುವ ಕೊಡ. ತಳ ತೂತಾದರೆ ತುಳಸಿ ಗಿಡಕ್ಕೆ ಕುಂಡ. ಓರೆಯಾಗಿ ಕತ್ತರಿಸಿದರೆ ಕಸ ಬಾಚುವ ಮೊರ. ಪೂರ್ತಿ ಬಿಚ್ಚಿ ಚಪ್ಪಟೆ ಬಡಿದರೆ ಬಚ್ಚಲ ತಡಿಕೆಗೆ ತಗಡು. ಅದೂ ತುಕ್ಕು ಹಿಡಿದು ಪುಡಿಯಾಗುವ ಹೊತ್ತಿಗೆ ಗುಜರಿಯವನ ತಕ್ಕಡಿ. ಒಂದು ವಸ್ತು ಮನೆಯಿಂದ ಹೊರಹೋಗುವ ಮುಂಚೆ ಇಷ್ಟು ಮೆಟ್ಟಿಲು ಇಳಿಯುತ್ತಿತ್ತು.

ಬಟ್ಟೆಯದೂ ಹಾಗೇ. ಹತ್ತಿಯ ಸೀರೆ ಹರಿದರೆ ಕೂಸಿಗೆ ಹಾಸುವ ಬಟ್ಟೆ, ಆಮೇಲೆ ಮಸಿಬಟ್ಟೆ, ಕೊನೆಗೆ ದೀಪದ ಬತ್ತಿ. ನಾಲ್ಕಾರು ಸೀರೆ ಸೇರಿದರೆ ಪದರದ ಮೇಲೆ ಪದರ ಇಟ್ಟು ಕೌದಿ. ಮುರಿದ ಕುಡ, ಸವೆದ ಕುಡುಗೋಲು ಊರ ಕಮ್ಮಾರನ ಕುಲುಮೆಗೆ ಹೋಗಿ ಹೊಸ ರೂಪದಲ್ಲಿ ಅದೇ ಮನೆಗೆ ಬರುತ್ತಿದ್ದವು. ಸೂತಕ ಕಳೆದಾಗ ಮಣ್ಣಿನ ಮಡಕೆಗಳನ್ನು ಒಡೆದು ಹಾಕಿ ಕುಂಬಾರನಿಂದ ಹೊಸದು ತರುವುದು ಶಾಸ್ತ್ರ. ಒಡೆದ ಮಡಕೆ ಮಣ್ಣಿಗೆ ಸೇರುತ್ತದೆ, ಯಾರಿಗೂ ತಕರಾರಿಲ್ಲ.

ಅತ್ತೆಯ “ಬೇಕಾಗ್ತೈತೆ” ಹುಟ್ಟಿದ್ದು ಈ ಲೋಕದಲ್ಲಿ. ಅಲ್ಲಿ ಅದು ಸುಳ್ಳಾಗಿರಲಿಲ್ಲ. ಸೊಸೆಯ ಕೈಯಲ್ಲಿರುವುದು ಬೇರೆ ಲೋಕದ ಸಾಮಾನು. ಪಾಲಿಸ್ಟರ್ ಸೀರೆ ಹರಿಯುವುದಿಲ್ಲ, ನೀರು ಹೀರುವುದಿಲ್ಲ, ಬತ್ತಿಯಾಗುವುದಿಲ್ಲ. ಬಿರುಕು ಬಿಟ್ಟ ಪ್ಲಾಸ್ಟಿಕ್ ಕೊಡಕ್ಕೆ ಎರಡನೇ ಜನ್ಮವಿಲ್ಲ. ಟಿ.ವಿ. ಬಂದ ಪೆಟ್ಟಿಗೆಯ ಥರ್ಮಾಕೋಲ್ ತುಂಡು ಯಾರಿಗೆ ಬೇಕು? ಕಮ್ಮಾರನ ಕುಲುಮೆ ಆರಿದೆ, ಕುಂಬಾರನ ಮಗ ಬೆಂಗಳೂರಿನಲ್ಲಿದ್ದಾನೆ. ಸಾಮಾನು ಇಳಿಯಬೇಕಾದ ಮೆಟ್ಟಿಲುಗಳೇ ಮುರಿದಿರುವಾಗ ಅದು ಸಜ್ಜೆಯ ಮೇಲೇ ಕೂರುತ್ತದೆ. ನಮ್ಮ ಮನೆಗಳು ತುಂಬಿರುವುದಕ್ಕೆ ಹೆಂಗಸರ ವ್ಯಾಮೋಹ ಕಾರಣ ಎನ್ನುವವರಿದ್ದಾರೆ. ಸುಟ್ಟ ಮೋಟರನ್ನು ಹತ್ತು ವರ್ಷ ಶೆಡ್ಡಿನಲ್ಲಿ ಇಟ್ಟವರು ಯಾರೆಂದು ಅವರೇ ಒಮ್ಮೆ ಕೇಳಿಕೊಳ್ಳಲಿ.

ಉಳಿದಿರುವ ಒಂದು ದಾರಿ ಗುಜರಿ. ತಳ್ಳುಗಾಡಿಯಲ್ಲೋ ಆಟೋದಲ್ಲೋ ಬರುವ ವ್ಯಾಪಾರಿ ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ರಟ್ಟು, ಪೇಪರು, ಗಟ್ಟಿ ಪ್ಲಾಸ್ಟಿಕ್ ತೂಗಿ ಕೊಳ್ಳುತ್ತಾನೆ. ಕೆಲವರು ದುಡ್ಡಿನ ಬದಲು ಈರುಳ್ಳಿ, ಬೆಳ್ಳುಳ್ಳಿ ಕೊಡುವುದೂ ಉಂಟು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ, ಬಾಚಿದ ಕೂದಲಿಗೆ ಪಿನ್ನು-ಬಳೆ ಕೊಡುವವರೂ ಓಣಿಯಲ್ಲಿ ಕೂಗುತ್ತಾರೆ. ನಗರದ ಯಾವ ಮರುಬಳಕೆ ಯೋಜನೆಯೂ ಮಾಡದಷ್ಟು ಕೆಲಸವನ್ನು ಇವರು ಸರ್ಕಾರದ ಕಾಸಿಲ್ಲದೆ ಮಾಡುತ್ತಿದ್ದಾರೆ. ಆದರೆ ಇವರಿಗೂ ಬೇಡವಾದ್ದು ಬಹಳವಿದೆ. ಹರಿದ ಚಪ್ಪಲಿ, ಗುಟ್ಕಾ-ಶಾಂಪೂ ಚೀಟಿ, ಹಾಸಿಗೆಯ ಸ್ಪಂಜು, ಥರ್ಮಾಕೋಲ್, ಟ್ಯೂಬ್‌ಲೈಟು. ಇವಕ್ಕೆ ತಕ್ಕಡಿಯಿಲ್ಲ.

ತೂಕಕ್ಕೆ ಹೋಗಬಾರದ ರೇಷ್ಮೆ

ಮೊಳಕಾಲ್ಮುರಿನ ಮನೆಗಳಲ್ಲಿ ಹಬ್ಬದ ಗುಡಿಸುವಿಕೆಗೆ ಇನ್ನೊಂದು ಮುಖವಿದೆ. ಇಲ್ಲಿ ನೇಕಾರರ ಮನೆಯೆಂದರೆ ಮಗ್ಗದ ಮನೆ. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಗುಂಡಿಮಗ್ಗ ಮನೆಯ ಒಳ್ಳೆಯ ಬೆಳಕಿನ ಜಾಗವನ್ನೇ ಹಿಡಿದಿರುತ್ತದೆ. ಮನೆಮಂದಿ ಉಳಿದದ್ದರಲ್ಲಿ ಹೊಂದಿಕೊಳ್ಳುತ್ತಾರೆ. ವರ್ಷವಿಡೀ ಬಿದ್ದ ನೂಲಿನ ತುಂಡು, ದೂಳು ಗುಂಡಿಯ ತಳದಲ್ಲಿರುತ್ತದೆ. ಅದನ್ನು ತೆಗೆಯಲು ಹಬ್ಬವೇ ಬರಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜಕಾರ್ಡ್ ಇರುವ ಮಗ್ಗದಲ್ಲಿ ಅಂಚಿನ, ಸೆರಗಿನ ಚಿತ್ತಾರವೆಲ್ಲ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರದಲ್ಲಿರುತ್ತದೆ. ಯಾವ ತೂತಿದ್ದರೆ ಯಾವ ಎಳೆ ಏಳಬೇಕು ಎಂಬುದು ಅದರಲ್ಲಿ ಬರೆದಂತೆ. ಬಳಕೆ ತಪ್ಪಿದ ಕಾರ್ಡುಗಳನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ, ನಾಲ್ಕು ವರ್ಷ ಬಿಟ್ಟು ಹಳೆ ರಟ್ಟೆಂದು ಗುಜರಿಗೆ ತೂಗುತ್ತಾರೆ. ಅಲ್ಲಿಗೆ ಆ ವಿನ್ಯಾಸವೂ ಹೋಯಿತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಸೀರೆಯ ಊರಿನಲ್ಲಿ ಹಳೆ ಕಾರ್ಡಿನ ಸರ ರದ್ದಿ ಕಾಗದವಲ್ಲ. ಕೊಡುವ ಮುಂಚೆ ಆ ಅಂಚು ನೇಯ್ದವರನ್ನು ಒಮ್ಮೆ ಕೇಳಿ, ಕಡೆಗೆ ಸೀರೆಯ ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಿ.

ಇನ್ನು ಬೀರುವಿನ ತಳದಲ್ಲಿರುವ ಅಜ್ಜಿಯ ಮದುವೆ ಸೀರೆ. “ಹಳೇ ರೇಷ್ಮೆ ಸೀರೆ ಕೊಳ್ತೀವಿ” ಎಂದು ಕೂಗಿಕೊಂಡು ಬರುವವರಿಗೆ ರೇಷ್ಮೆ ಬೇಕಿಲ್ಲ, ಜರಿ ಬೇಕು. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಯ ಮೇಲೆ ತೆಳ್ಳಗೆ ಬಡಿದ ಬೆಳ್ಳಿ ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಸೀರೆಯನ್ನು ಸುಟ್ಟರೆ ಬಟ್ಟೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಓಣಿಯಲ್ಲಿ ಈ ಕೂಗು ಜೋರಾಗುತ್ತದೆ. ಈಚಿನ ಸೀರೆಗಳಲ್ಲಿ ಬಹುಪಾಲು ತಾಮ್ರದ ಅಥವಾ ಪ್ಲಾಸ್ಟಿಕ್ ಎಳೆಯ ಜರಿ ಇರುವುದರಿಂದ ಅವಕ್ಕೆ ಕೊಳ್ಳುವವರಿಲ್ಲ; ಅಜ್ಜಿಯ ಕಾಲದ್ದಕ್ಕೇ ಕಣ್ಣು. ಮಾರುವುದೇ ಆದರೆ ಬಾಗಿಲ ಬಳಿ ಕೈತೂಕದಲ್ಲಿ ಕೊಡಬೇಡಿ. ಪರಿಚಯದ ಅಕ್ಕಸಾಲಿಗನಿಗೋ ಜರಿ ವ್ಯಾಪಾರಿಗೋ ತೋರಿಸಿ, ಆಮೇಲೆ ಬೆಲೆ ಮಾತಾಡಿ.

ಇಟ್ಟುಕೊಳ್ಳುವುದಾದರೆ ವರ್ಷಕ್ಕೊಮ್ಮೆ ಬಿಚ್ಚಿ ನೆರಳಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ಬಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಿದರೆ ಅದು ಕಪ್ಪಾಗುತ್ತದೆ. ಪ್ಲಾಸ್ಟಿಕ್ ಕವರು ಬೇಡ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ಚಳ್ಳಕೆರೆಯ ಕಂಬಳಿಗೂ ಹೆಚ್ಚುಕಡಿಮೆ ಇದೇ ಉಪಚಾರ, ಅದನ್ನು ಮಾತ್ರ ಬಿರುಬಿಸಿಲಿಗೇ ಹಾಕಬಹುದು. ಒಣಗಿದ ಬೇವಿನೆಲೆ ಸೇರಿಸಿ ಮಡಿಚಿಟ್ಟರೆ ಹುಳು ಹತ್ತಿರ ಬರುವುದು ಕಡಿಮೆ. ದೇವರ ಗದ್ದುಗೆಗೆ ಕಂಬಳಿ ಹಾಸುವ ಸೀಮೆಯಿದು. ಇಲ್ಲಿ ಕಂಬಳಿಯನ್ನು ಬಿಸಾಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಶೆಡ್ಡಿಗೆ ಕೈ ಹಾಕುವ ಮುಂಚೆ

ಸಜ್ಜೆಯ ಮೇಲಿನದು ಬರೀ ದೂಳು. ಶೆಡ್ಡಿನದು ಹಾಗಲ್ಲ.

ಮೂಲೆಯಲ್ಲಿ ಶೇಂಗಾ ಚೀಲ ಇದ್ದರೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಸೌದೆ, ಕಲ್ಲು, ಹಳೆ ಹಂಚು, ಡ್ರಿಪ್ ಪೈಪಿನ ಸುರುಳಿ ಅದಕ್ಕೆ ತಣ್ಣನೆಯ ಮನೆ, ಅದೂ ಚೈತ್ರದ ಬಿಸಿಲಿನಲ್ಲಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೇ ದೇಶದ ಬಹುಪಾಲು ಹಾವು ಕಡಿತದ ಸಾವುಗಳಿಗೆ ಕಾರಣ. ಗರಗಸ ಮಂಡಲವಂತೂ ಒಣ ಕಲ್ಲುನೆಲವನ್ನೇ ಇಷ್ಟಪಡುವ, ಮೊಳದಷ್ಟೂ ಇಲ್ಲದ, ಕಣ್ಣಿಗೆ ಬೀಳದ ಹಾವು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆಸ್ಪತ್ರೆಗಳು ಪ್ರತಿ ಕಡಿತದ ಲೆಕ್ಕವನ್ನೂ ಕೊಡಬೇಕು.

ಆದ್ದರಿಂದ ಬರಿಗೈ ಹಾಕಬೇಡಿ. ಮೊದಲು ಉದ್ದನೆಯ ಕೋಲಿನಿಂದ ಕೆದಕಿ, ಸ್ವಲ್ಪ ಹೊತ್ತು ಬಿಡಿ. ಕಾಲಿಗೆ ಬೂಟು ಇರಲಿ. ಕತ್ತಲಾದ ಮೇಲೆ ಶೆಡ್ಡಿನ ಕೆಲಸ ಬೇಡವೇ ಬೇಡ. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಬೇರು ಅರೆದು ಕುಡಿಸುವುದು ಬಿಟ್ಟು ನೇರ ಆಸ್ಪತ್ರೆಗೆ. ಔಷಧಿ ಇರುವುದು ಅಲ್ಲಿ ಮಾತ್ರ.

ಬೂಷ್ಟು ಹಿಡಿದ ಶೇಂಗಾ ಸಿಕ್ಕರೆ ಇನ್ನೊಂದು ಪ್ರಶ್ನೆ. ಮನುಷ್ಯರಿಗಾಗದಿದ್ದರೆ ಎಮ್ಮೆಗಾಗುತ್ತದೆ ಎಂಬ ಉಳಿತಾಯದ ಬುದ್ಧಿ ಇಲ್ಲಿ ಕೆಡುಕು. ಆ ಬೂಷ್ಟಿನಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ, ದನ ತಿಂದರೆ ಹಾಲಿಗೂ ಇಳಿಯುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಅದನ್ನು ಗುಂಡಿ ತೆಗೆದು ಹೂಳುವುದೇ ಸರಿ. ಬಿತ್ತನೆಗೆಂದು ತೊಗಟೆಯಲ್ಲೇ ಇಟ್ಟ ಒಳ್ಳೆಯ ಕಾಯಿ ಮಾತ್ರ ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇರಲಿ.

ಟೈರುಗಳದ್ದು ಮರೆಯುವ ವಿಷಯ. ಜಿಂಕ್ ಶೀಟು ಗಾಳಿಗೆ ಹಾರದಿರಲೆಂದು ಅದರ ಮೇಲೆ ಹಳೆ ಟೈರು ಎಸೆದಿರುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಸಾಯದೆ ಟೈರಿನ ಒಳಮೈಗೆ ಅಂಟಿಕೊಂಡಿರುತ್ತದೆ. ಮೊದಲ ಮುಂಗಾರು ಹನಿ ಬಿದ್ದಾಗ ಒಡೆಯುತ್ತದೆ. ಬರದ ಸೀಮೆಯಲ್ಲಿ ಡೆಂಗಿ ಎಲ್ಲಿಂದ ಎನ್ನಬಹುದು. ವಾರಕ್ಕೊಮ್ಮೆ ನಲ್ಲಿ ಬರುವ ಕಡೆ ಜನ ಡ್ರಮ್ಮಿನಲ್ಲಿ ನೀರು ಹಿಡಿದಿಡುತ್ತಾರೆ, ಸೊಳ್ಳೆಗೆ ಅಷ್ಟೇ ಸಾಕು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಯುಗಾದಿಯಲ್ಲಿ ಟೈರು ಇಳಿಸಿದರೆ ಮುಂಗಾರಿಗೆ ಎರಡು ತಿಂಗಳು ಮುಂಚೆಯೇ ಕೆಲಸ ಮುಗಿಯಿತು. ಡ್ರಮ್ಮನ್ನು ತೊಳೆದರೆ ಸಾಲದು, ಒಳಮೈಯನ್ನು ತೆಂಗಿನ ನಾರಿನಿಂದ ತಿಕ್ಕಿ. ಮೊಟ್ಟೆ ಬಿಡುವುದು ಆಗಲೇ.

ಕೀಟನಾಶಕದ ಖಾಲಿ ಬಾಟಲಿಯನ್ನು ಸೀಮೆಎಣ್ಣೆಗೋ ನೀರಿಗೋ ಬಳಸುವ ಮನೆಗಳು ಇನ್ನೂ ಇವೆ. ದಯವಿಟ್ಟು ಬೇಡ. ಮೂರು ಸಲ ಗಲಬರಿಸಿ ಆ ನೀರನ್ನು ಸಿಂಪರಣೆಗೇ ಹಾಕಿ, ಬಾಟಲಿಗೆ ತೂತು ಹೊಡೆದುಬಿಡಿ. ಟ್ರ್ಯಾಕ್ಟರಿನ, ಯುಪಿಎಸ್‌ನ ಹಳೆ ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಇರುತ್ತದೆ. ಅದನ್ನು ಹಿತ್ತಲಲ್ಲಿ ಒಡೆಯಬೇಡಿ. ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿದರೆ ಬೆಲೆಯಲ್ಲೂ ಕಳೆದುಕೊಡುತ್ತಾರೆ.

ತಿಪ್ಪೆಯಿಂದ ಹೊಲಕ್ಕೆ

ಹಳ್ಳಿಯ ಮನೆಯ ಕಸಕ್ಕೆ ಹಿಂದೆ ಒಂದೇ ವಿಳಾಸ: ತಿಪ್ಪೆ. ಸಗಣಿ, ಬೂದಿ, ಹೊಟ್ಟು, ಗುಡಿಸಿದ ದೂಳು ವರ್ಷವಿಡೀ ಅಲ್ಲಿ ಬಿದ್ದು ಕಳಿಯುತ್ತದೆ. ಯುಗಾದಿ ಕಳೆದ ಮೇಲೆ, ಬಿತ್ತನೆಗೆ ಮುಂಚೆ, ಗಾಡಿಯಲ್ಲಿ ಹೇರಿ ಹೊಲಕ್ಕೆ ಚೆಲ್ಲುತ್ತಾರೆ. ಮನೆ ಖಾಲಿಯಾಗುವ ತಿಂಗಳಲ್ಲೇ ತಿಪ್ಪೆಯೂ ಖಾಲಿ.

ಈಗಲೂ ತಿಪ್ಪೆ ಹೊಲಕ್ಕೇ ಹೋಗುತ್ತದೆ, ಆದರೆ ಒಳಗೆ ಶಾಂಪೂ ಚೀಟಿ, ಹಾಲಿನ ಕವರು, ಸ್ಯಾನಿಟರಿ ಪ್ಯಾಡು, ಒಡೆದ ಬಲ್ಬು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಯುಗಾದಿಗೆ ಸ್ವಲ್ಪ ಮುಂಚೆ ಫಾಲ್ಗುಣದಲ್ಲಿ ಬರುತ್ತದೆ. ಅಲ್ಲಿ ಕೊಂಡ ಆಟಿಕೆಯ ಅರ್ಧ ಯುಗಾದಿಯ ತಿಪ್ಪೆಯಲ್ಲೇ ಇರುತ್ತದೆ. ಕಳಿಯದ ಈ ಸರಕು ಮಣ್ಣಿನಲ್ಲಿ ಹರಡಿಕೊಳ್ಳುತ್ತದೆ. ಶೇಂಗಾ ಕಾಯಿ ಕಟ್ಟುವುದು ಮಣ್ಣೊಳಗೆ. ಹೂವಿನಿಂದ ಇಳಿದ ಊಡು ಸಡಿಲ ಮಣ್ಣನ್ನು ಹೊಕ್ಕರೆ ತಾನೆ ಕಾಯಿ? ಪ್ಲಾಸ್ಟಿಕ್ ಹಾಳೆ ಅಡ್ಡ ಬಿದ್ದಲ್ಲಿ ಅದು ಒಳಗಿಳಿಯುವುದು ಕಷ್ಟ. ಕೊಯ್ಲಾದ ಹೊಲದಲ್ಲಿ ಮೇಯುವ ದನ, ಕುರಿ ಅದನ್ನೇ ನುಂಗುತ್ತವೆ.

ಇನ್ನು ಸುಡುವುದು. ಹಬ್ಬದ ಮುಂಚಿನ ಸಂಜೆಗಳಲ್ಲಿ ಎರಡೂ ತಾಲ್ಲೂಕುಗಳ ಊರಾಚೆ ಹೊಗೆ ಏಳುತ್ತಿರುತ್ತದೆ. ಕಸ ಕಣ್ಣಿಗೆ ಕಾಣದಂತಾಯಿತೆಂದು ಸಮಾಧಾನ. ಪಿವಿಸಿ ಪೈಪು, ಹಳೆ ವೈರು ಸುಟ್ಟಾಗ ಬರುವ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿರುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವವರಿಗೆ 5 ಸಾವಿರ, ರಾಶಿಗಟ್ಟಲೆ ಸುಟ್ಟರೆ 25 ಸಾವಿರ ರೂಪಾಯಿ ದಂಡವೆಂದು ಆದೇಶಿಸಿತು. ಆದೇಶ ಊರಿನ ತಿಪ್ಪೆಯವರೆಗೆ ನಡೆದು ಬಂದದ್ದು ಕಡಿಮೆ.

ಗ್ರಾಮ ಪಂಚಾಯಿತಿಗಳಲ್ಲಿ ಈಗ ಸ್ವಚ್ಛ ವಾಹಿನಿ ಎಂಬ ಗಾಡಿಗಳಿವೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಚಾಲನೆ ಕಲಿತು ಓಡಿಸುತ್ತಾರೆ. ಒಣಕಸ ಸೇರಿಸಿ ವಿಂಗಡಿಸಲು ಸ್ವಚ್ಛ ಸಂಕೀರ್ಣ ಎಂಬ ಕಟ್ಟಡಗಳೂ ಎದ್ದಿವೆ. ಚಳ್ಳಕೆರೆಯಲ್ಲಿ ನಗರಸಭೆ, ಮೊಳಕಾಲ್ಮುರಿನಲ್ಲಿ ಪಟ್ಟಣ ಪಂಚಾಯಿತಿಯ ಗಾಡಿ ಬರುತ್ತದೆ. ಗುಜರಿಯವನು ಬೇಡವೆಂದದ್ದು ಹೋಗಬೇಕಾದ್ದು ಅಲ್ಲಿಗೆ. ನನ್ನ ದೂರು ಒಂದೇ. ಹಬ್ಬಕ್ಕೆ ಬಸ್ಸು ಹೆಚ್ಚಿಗೆ ಬಿಡುವ ಆಡಳಿತ, ಯುಗಾದಿಗೆ ಮುಂಚಿನ ಹದಿನೈದು ದಿನ ಹಳೆ ಚಪ್ಪಲಿ, ಹಾಸಿಗೆ, ಕೆಟ್ಟ ಮಿಕ್ಸಿ-ಟಿ.ವಿ. ತೆಗೆದುಕೊಂಡು ಹೋಗಲು ಒಂದು ಹೆಚ್ಚುವರಿ ಗಾಡಿ ಬಿಡಬಾರದೇಕೆ? ಇಡೀ ಸೀಮೆ ಒಂದೇ ವಾರ ಮನೆ ಗುಡಿಸುತ್ತದೆಂಬುದು ಪಂಚಾಂಗ ನೋಡಿದವರಿಗೆಲ್ಲ ಗೊತ್ತು.

ಕಾಗದದ ಗಂಟು

ಟ್ರಂಕಿನ ತಳದಲ್ಲಿ ಹಳದಿ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟೊಂದು ಇದ್ದೇ ಇರುತ್ತದೆ. ಅರ್ಧ ಗೆದ್ದಲು ತಿಂದಿರುತ್ತದೆ. ಮನೆಯ ಹೊಸ ತಲೆಮಾರಿಗೆ ಓದಲು ಬಾರದ ಮೋಡಿ ಅಕ್ಷರ. ಎಸೆಯಲು ಮೊದಲು ಕೈ ಹೋಗುವುದು ಅದಕ್ಕೇ.

ತಡೆಯಿರಿ. ಪಹಣಿ ಈಗ ಭೂಮಿ ಕಂಪ್ಯೂಟರಿನಲ್ಲಿದೆ ನಿಜ, ಆದರೆ ಜಮೀನು ಮನೆತನಕ್ಕೆ ಹೇಗೆ ಬಂತೆಂಬುದು ಹಳೆಯ ಕಾಗದದಲ್ಲೇ ಇರುವುದು. ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಟ್ಟ ಸಾಗುವಳಿ ಚೀಟಿ, ಭೂಸುಧಾರಣೆಯ ಕಾಲದ ಭೂ ನ್ಯಾಯಮಂಡಳಿಯ ಆದೇಶ, ಅಣ್ಣತಮ್ಮಂದಿರ ಪಾಲುಪತ್ರ, ಕಂದಾಯ ಕಟ್ಟಿದ ರಸೀದಿ. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ ಸೀಮೆಯಿದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ 1978ರ ಕಾಯ್ದೆಯೊಂದು ಕಾಯುತ್ತದೆ. ಆ ಕಾಯ್ದೆಯ ಮುಂದೆ ನಿಲ್ಲಲು ಬೇಕಾದ ಮೊದಲ ಕಾಗದವೇ ಮಂಜೂರಾತಿಯದು. ಅಜ್ಜನ ಶಾಲಾ ದಾಖಲೆ ಮೊಮ್ಮಗಳ ಜಾತಿ ಪ್ರಮಾಣಪತ್ರಕ್ಕೆ ಸಾಕ್ಷಿಯಾಗುತ್ತದೆ. ಇಪ್ಪತ್ತು ವರ್ಷ ಹಳೆಯ ಕರೆಂಟು ಬಿಲ್ಲು ಎಸೆಯಿರಿ, ಇವನ್ನಲ್ಲ.

ಓಲೆಗರಿ ಸಿಕ್ಕರೆ, ಬಟ್ಟೆಗೆ ಹುಣಸೆಬೀಜದ ಸರಿ ಬಳಿದು ಮಡಿಚಿದ ಕಪ್ಪು ಕಡತ ಸಿಕ್ಕರೆ, ಅದು ನಿಮ್ಮ ಮನೆಯದಷ್ಟೇ ಅಲ್ಲ. ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರ ತಳುಕು, ಬೆಳಗೆರೆ ಕೃಷ್ಣಶಾಸ್ತ್ರಿಗಳ ಬೆಳಗೆರೆ ಇರುವ ತಾಲ್ಲೂಕು ಚಳ್ಳಕೆರೆ. ಅಟ್ಟದಲ್ಲಿ ಬರಹ ಸಿಗುವುದು ಅಚ್ಚರಿಯಲ್ಲ. ಚಿತ್ರದುರ್ಗದ ಹುಲ್ಲೂರು ಶ್ರೀನಿವಾಸ ಜೋಯಿಸರು ಇಂಥ ಓಲೆ, ಕಡತ, ಆಯುಧಗಳನ್ನು ಊರೂರು ಅಲೆದು ಕೂಡಿಹಾಕದಿದ್ದರೆ ದುರ್ಗದ ಪಾಳೆಯಗಾರರ ಚರಿತ್ರೆಯಲ್ಲಿ ಎಷ್ಟೋ ಪುಟಗಳು ಖಾಲಿ ಉಳಿಯುತ್ತಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೇ ಒಂದು ವಿಭಾಗವಿದೆ, ಮೊಳಕಾಲ್ಮುರಿನಿಂದ ಬಹಳ ದೂರವೂ ಅಲ್ಲ.

ಬ್ರಹ್ಮಗಿರಿಯ ಚೂರುಗಳು

ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದಕ್ಕೆ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಸಾಕ್ಷಿಯಿದೆ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಇಸಿಲ ಎಂಬ ಪಟ್ಟಣದ ಮಹಾಮಾತ್ರರಿಗೆ ಬರೆದ ಆ ಆಜ್ಞೆಯಿಂದ ಇಲ್ಲೊಂದು ದೊಡ್ಡ ಊರಿತ್ತೆಂದು ತಿಳಿಯಿತು. ಆದರೆ ಆ ಊರಿನ ಜನ ಹೇಗೆ ಬದುಕಿದರೆಂದು ಶಾಸನ ಹೇಳುವುದಿಲ್ಲ. ಅದನ್ನು ಹೇಳಿದ್ದು 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದಾಗ ಸಿಕ್ಕ ಮಡಕೆ ಚೂರು, ಕಲ್ಲಿನ ಕೊಡಲಿ, ಕಬ್ಬಿಣದ ತುಂಡು. ತಳದಲ್ಲಿ ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾಸಮಾಧಿಯವರು, ಅದರ ಮೇಲೆ ಶಾತವಾಹನರ ಕಾಲದವರು. ಒಬ್ಬೊಬ್ಬರೂ ಬಿಟ್ಟುಹೋದ, ಎಸೆದ ಸಾಮಾನಿನ ಮೇಲೇ ಮುಂದಿನವರು ಮನೆ ಕಟ್ಟಿದರು.

ಅವರು ಎಸೆದದ್ದು ಮಣ್ಣು, ಕಲ್ಲು, ಕಬ್ಬಿಣ. ಎರಡು ಸಾವಿರ ವರ್ಷ ಅದರ ಮೇಲೆ ಬೆಳೆ ಬೆಳೆದರೂ ಯಾವ ದನವೂ ಸಾಯಲಿಲ್ಲ. ನಮ್ಮ ಪದರಿನ ಬಗ್ಗೆ ಅದೇ ಮಾತು ಹೇಳುವಂತಿಲ್ಲ.

ಈ ಸಲ ಹೀಗೆ ಮಾಡಿ

ಅಮಾವಾಸ್ಯೆಯ ಹಿಂದಿನ ದಿನಕ್ಕೆ ಕೆಲಸ ಇಟ್ಟುಕೊಂಡರೆ ಯಾವುದನ್ನೂ ವಿಂಗಡಿಸಲು ಪುರುಸೊತ್ತಿರುವುದಿಲ್ಲ. ಆಗ ಉಳಿಯುವ ದಾರಿ ಎರಡೇ, ಸಜ್ಜೆ ಅಥವಾ ಬೆಂಕಿ. ನಾಯಕನಹಟ್ಟಿ ಜಾತ್ರೆ ಮುಗಿದ ವಾರವೇ ಶುರು ಮಾಡಿ. ಮೊದಲು ಶೆಡ್ಡು, ಹಗಲಲ್ಲಿ, ಇಬ್ಬರಿದ್ದಾಗ. ಆಮೇಲೆ ಸಜ್ಜೆ. ಬೀರು ಕೊನೆಗೆ. ನೀರು ಕಡಿಮೆಯಿರುವ ಊರು. ತೊಳೆಯುವ ಮುಂಚೆ ಗುಡಿಸಿ, ಗುಡಿಸುವ ಮುಂಚೆ ಬೇಡದ್ದನ್ನು ಹೊರಗೆ ಕಳಿಸಿ. ಅರ್ಧ ನೀರು ಉಳಿಯುತ್ತದೆ.

ಅತ್ತೆ “ಬೇಕಾಗ್ತೈತೆ” ಎಂದರೆ ವಾದ ಬೇಡ, ಯಾವುದಕ್ಕೆ ಎಂದು ಕೇಳಿ. ಆ ಕೆಲಸ ಮಾಡುವವರು ಊರಿನಲ್ಲಿ ಇನ್ನೂ ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕೊಟ್ಟುಬಿಡಿ. ಸಂತೆಯಲ್ಲಿ ಹೊಸದೊಂದು ಪ್ಲಾಸ್ಟಿಕ್ ಸಾಮಾನು ಕೈಗೆತ್ತಿಕೊಂಡಾಗ, ಇದು ಮುರಿದ ದಿನ ಯಾರಿಗೆ ಕೊಡಬೇಕು ಎಂದು ಅಂಗಡಿಯವನನ್ನೇ ಕೇಳಿ ನೋಡಿ. ಕಾಗದದ ಗಂಟನ್ನು ಮಾತ್ರ ಮನೆಯ ಹಿರಿಯರು ಪಕ್ಕದಲ್ಲಿ ಕೂತಿರುವಾಗಲೇ ಬಿಚ್ಚಿ. ಯಾವುದು ಯಾವ ಹೊಲದ್ದೆಂದು ಹೇಳಬಲ್ಲವರು ಅವರೊಬ್ಬರೇ.